ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ಪ್ರೊಫೈಲರ್ ಓಡಿಸಿ

ಸಂಪಾದಕರಿಗೆ,

ಮಾನ್ಯರೇ,

ಲೆಕ್ಕಪತ್ರದ ತಂತ್ರಾಂಶ ನಿಧಾನವಾಯಿತೆಂದರೆ ಹೊಸ ಕಂಪ್ಯೂಟರ್ ಖರೀದಿಗೆ ಠರಾವು ಮಾಡುವುದು ನಮ್ಮ ಕಡೆಯ ಸಹಕಾರ ಸಂಘಗಳಲ್ಲಿ ರೂಢಿಯಾಗಿಬಿಟ್ಟಿದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಥದೊಂದು ಸಂಘದ ಸದಸ್ಯನೂ ವೃತ್ತಿಯಿಂದ ಪ್ರೋಗ್ರಾಂ ಬರೆಯುವವನೂ ಆಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮಲ್ಲಿ ಮಾರ್ಚ್ ಕೊನೆಯ ಬಡ್ಡಿ ಲೆಕ್ಕಕ್ಕೆ ಮಧ್ಯಾಹ್ನ ಕುಳಿತ ಗುಮಾಸ್ತರಿಗೆ ಊರಿನ ಕೊನೆಯ ಬಸ್ಸು ತಪ್ಪುತ್ತಿತ್ತು. ಹೊಸ ಕಂಪ್ಯೂಟರ್ ಬಂದ ಮೇಲೂ ತಪ್ಪಿತು. ಸದಸ್ಯರ ಸಂಖ್ಯೆ ಹೆಚ್ಚಿದ್ದೇ ಕಾರಣವೆಂದು ಕಾರ್ಯದರ್ಶಿಯವರು ನಂಬಿದ್ದರು, ಮುದ್ರಣವೇ ಕಾರಣವೆಂದು ನಾನು ವಾದಿಸಿದ್ದೆ. ಇಬ್ಬರದೂ ತಪ್ಪು. ಪ್ರೋಗ್ರಾಂ ಓಡುವಾಗ ಅದರ ಯಾವ ಭಾಗಕ್ಕೆ ಎಷ್ಟು ಸಮಯ ಹೋಗುತ್ತದೆಂದು ಅಳೆಯುವ ಸಾಧನವೇ ಪ್ರೊಫೈಲರ್. ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆಯೊಂದಿಗೆ ಉಚಿತವಾಗಿಯೇ ಬರುವ ಸಿಪ್ರೊಫೈಲ್ ಎಂಬ ಪ್ರೊಫೈಲರ್ ಅಡಿಯಲ್ಲಿ ಅದೇ ಪ್ರೋಗ್ರಾಂ ಓಡಿಸಿದಾಗ, ಯಾವ ಫಂಕ್ಷನ್ (ಒಂದು ನಿರ್ದಿಷ್ಟ ಕೆಲಸ ಮಾಡುವ ಪ್ರೋಗ್ರಾಂನ ತುಣುಕು) ಎಷ್ಟು ಸಲ ಕರೆಯಲ್ಪಟ್ಟಿತು, ಅದು ಸ್ವತಃ ಎಷ್ಟು ಹೊತ್ತು ತೆಗೆದುಕೊಂಡಿತು, ಅದು ಕರೆದ ಇತರ ಫಂಕ್ಷನ್‌ಗಳನ್ನೂ ಸೇರಿಸಿದರೆ ಎಷ್ಟಾಯಿತು ಎಂಬ ಪಟ್ಟಿ ಸಿಕ್ಕಿತು. ಒಟ್ಟು ಸಮಯದ ಕಾಲಂನಲ್ಲಿ ಮುಖ್ಯ ಫಂಕ್ಷನ್ ಎಂದೂ ಮೇಲೇ ಇರುತ್ತದೆ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ನಮ್ಮನ್ನು ಬೆಚ್ಚಿಬೀಳಿಸಿದ್ದು ಕರೆಗಳ ಸಂಖ್ಯೆ. ಒಮ್ಮೆ ಓದಿ ಇಟ್ಟುಕೊಳ್ಳಬಹುದಾಗಿದ್ದ ಬಡ್ಡಿ ದರದ ಪಟ್ಟಿಯನ್ನು ಪ್ರೋಗ್ರಾಂ ಪ್ರತಿ ಸದಸ್ಯರ ಪ್ರತಿಯೊಂದು ಜಮೆಗೂ ಡಿಸ್ಕ್‌ನಿಂದ ಹೊಸದಾಗಿ ಓದುತ್ತಿತ್ತು. ಆ ಓದನ್ನು ಲೂಪಿನಿಂದ, ಅಂದರೆ ಮತ್ತೆ ಮತ್ತೆ ನಡೆಯುವ ಭಾಗದಿಂದ, ಹೊರಗೆ ತಂದದ್ದಷ್ಟೇ ರಿಪೇರಿ.

ಇದರಲ್ಲಿ ಹೊಸದೇನೂ ಇಲ್ಲ. ಸಾಮಾನ್ಯವಾಗಿ ಒಂದು ಪ್ರೋಗ್ರಾಂನ ಶೇ 4ಕ್ಕಿಂತ ಕಡಿಮೆ ಭಾಗವೇ ಅದರ ಅರ್ಧಕ್ಕಿಂತ ಹೆಚ್ಚು ಸಮಯವನ್ನು ನುಂಗುತ್ತದೆಂದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರು ಫೋರ್ಟ್ರಾನ್ ಭಾಷೆಯ ಪ್ರೋಗ್ರಾಂಗಳನ್ನು ಅಳೆದು 1971ರಲ್ಲೇ ಪ್ರಕಟಿಸಿದ್ದರು. ಆ ಭಾಗ ಯಾವುದೆಂದು ಬರೆದವರಿಗೂ ಅಳೆಯದೆ ತಿಳಿಯುವುದಿಲ್ಲ.

ಮೆಮೊರಿಯ ಕಥೆ ಬೇರೆ. ಅಡಿಕೆ ಆವಕದ ದಿನಗಳಲ್ಲಿ ರಸೀದಿ ಕೊಡುವ ಪ್ರೋಗ್ರಾಂ ಬೆಳಿಗ್ಗೆ ಚುರುಕಾಗಿದ್ದು ಸಂಜೆಯ ಹೊತ್ತಿಗೆ ತೆವಳುತ್ತಿತ್ತು. ಮುಚ್ಚಿ ತೆರೆದರೆ ಮತ್ತೆ ಸರಿ. ಇದಕ್ಕೆ ಮೆಮೊರಿ ಬಳಕೆಯ ಜಾಡು ಹಿಡಿಯುವ ಟ್ರೇಸ್‌ಮ್ಯಾಲಕ್ ಎಂಬ ಸಾಧನ ಬಳಸಿದೆವು. 2014ರ ಪೈಥಾನ್ 3.4ರಿಂದ ಅದೂ ಭಾಷೆಯ ಜೊತೆಗೇ ಬರುತ್ತದೆ. ಮೆಮೊರಿ ಬಳಕೆಯ ಚಿತ್ರವನ್ನು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ತೆಗೆದು ಎರಡನ್ನೂ ಹೋಲಿಸಿದರೆ, ನಡುವೆ ಬೆಳೆದ ಮೆಮೊರಿಯನ್ನು ಪ್ರೋಗ್ರಾಂನ ಯಾವ ಸಾಲು ಪಡೆದುಕೊಂಡಿದೆಯೆಂದು ಅದು ತೋರಿಸುತ್ತದೆ. ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆಯ ಬಗೆ ನಮೂದಿಸಿ ಮುದ್ರಿಸಿದ ಪ್ರತಿ ರಸೀದಿಯ ಪೂರ್ಣ ಪ್ರತಿಯೂ ಒಂದು ಪಟ್ಟಿಯಲ್ಲಿ ಉಳಿದುಕೊಳ್ಳುತ್ತಿತ್ತು. ಆ ಪಟ್ಟಿಯನ್ನು ಮುಂದೆ ಯಾರೂ ಓದುತ್ತಿರಲಿಲ್ಲ. ಮೆಮೊರಿ ತುಂಬಿದಂತೆಲ್ಲ ಯಂತ್ರ ಡಿಸ್ಕನ್ನು ಆಶ್ರಯಿಸಬೇಕಾಗಿ ಬರುವುದೇ ಸಂಜೆಯ ತೆವಳಾಟಕ್ಕೆ ಕಾರಣ.

ಪ್ರೊಫೈಲರ್ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಪ್ರತಿ ಕರೆಯನ್ನೂ ದಾಖಲಿಸುವ ಸಿಪ್ರೊಫೈಲ್‌ನಂಥದ್ದು ತಾನೇ ಪ್ರೋಗ್ರಾಂ ಅನ್ನು ನಿಧಾನಗೊಳಿಸುತ್ತದೆ, ಸಾವಿರಾರು ಸಲ ಕರೆಯಲ್ಪಡುವ ಪುಟ್ಟ ಫಂಕ್ಷನ್‌ಗಳನ್ನು ಇರುವುದಕ್ಕಿಂತ ಭಾರವಾಗಿ ತೋರಿಸುತ್ತದೆ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಪರ್ಫ್ ಎಂಬ ಪ್ರೊಫೈಲರ್‌ನಂತೆ ಆಗಾಗ ಮಾತ್ರ ಇಣುಕಿ ಮಾದರಿ ತೆಗೆದುಕೊಳ್ಳುವಂಥವುಗಳ ಹೊರೆ ಕಡಿಮೆ. ಇದಕ್ಕಿಂತ ದೊಡ್ಡ ತಪ್ಪೆಂದರೆ ಹತ್ತು ಸದಸ್ಯರ ಮಾದರಿ ದತ್ತಾಂಶದ ಮೇಲೆ ಅಳೆಯುವುದು. ಹತ್ತು ಜನರ ಲೆಕ್ಕದಲ್ಲಿ ನಮ್ಮ ದೋಷ ಕಾಣಿಸುತ್ತಲೇ ಇರಲಿಲ್ಲ.

ತೋಟದ ಮಳೆಯನ್ನು ಮಾಪಕವಿಟ್ಟು ದಿನವೂ ಡೈರಿಯಲ್ಲಿ ಬರೆದಿಡುವವರು ನಮ್ಮ ಆಡಳಿತ ಮಂಡಳಿಯಲ್ಲೇ ಇದ್ದಾರೆ. ಅವರಿಗೆ ಅಳತೆಯ ಬೆಲೆ ವಿವರಿಸಬೇಕಿಲ್ಲ. ಮುಂದಿನ ಸಭೆಯಲ್ಲಿ ಯಂತ್ರ ಖರೀದಿಯ ವಿಷಯ ಬಂದಾಗ, ಕಳೆದ ಮಾರ್ಚ್‌ನ ಪೂರ್ಣ ದತ್ತಾಂಶದ ಮೇಲೆ ಓಡಿಸಿದ ಪ್ರೊಫೈಲರ್ ವರದಿಯನ್ನು ದರಪಟ್ಟಿಯ ಜೊತೆಗೇ ತರಿಸಿಕೊಳ್ಳಬೇಕೆಂದು ಎಲ್ಲ ಸಂಘಗಳ ಮಂಡಳಿಗಳನ್ನೂ ಕೋರುತ್ತೇನೆ.

ಇಂತಿ,
ಒಬ್ಬ ಓದುಗ, ತೀರ್ಥಹಳ್ಳಿ