ಹನ್ನೆರಡು ಕಿಲೋ ಬಟಾಣಿ

ಪುಟ್ಟಿ,

ಲಿಯಾನ್ ಚಳಿ, ರೂಮು, ಬಾಡಿಗೆ ಎಲ್ಲಾ ಓದ್ದೆ, ಅದಕ್ಕೆಲ್ಲ ನಿಮ್ಮಪ್ಪ ಬರೀತಾರೆ ಬಿಡು. ನನ್ ನಿದ್ದೆ ಕೆಡಿಸಿದ್ದು ಕೊನೇ ಸಾಲು. ಇನ್ಮೇಲೆ ಅಂಗಡೀಲಿ ಯಾರೆದುರೂ ಪೆನ್ ಹಿಡಿಯಲ್ಲ ಮಾವ ಅಂದ್ಯಲ್ಲ, ಅದು.

ಡಬ್ಬದ ಮೇಲೆ ಫ್ರೆಂಚಲ್ಲಿ ತೂಕ ಅಂತ ಪಿ ಓ ಐ ಡಿ ಎಸ್ ಬರೆಯೋ ಕಡೆ ನೀನು ಡಿ ಬಿಟ್ಟು ಪಿ ಓ ಐ ಎಸ್ ಅಂತ ಬರೆದೆ, ನಿವ್ವಳ ತೂಕ 12 ಕಿಲೋ ಹೋಗಿ ಬಟಾಣಿ 12 ಕಿಲೋ ಆಯ್ತು, ನಕ್ಕರು. ಅಷ್ಟೇ ತಾನೇ. ಅಷ್ಟೇ ಅಲ್ಲ ಅಂತ ನಂಗೂ ಗೊತ್ತು.

ಮೂವತ್ತು ವರ್ಷ ತೂಕ ಅಳತೆ ಇಲಾಖೇಲಿ ಸವೆದೋನು ನಾನು. ಪ್ಯಾರಿಸ್ ಪಕ್ಕ ಸೆವ್ರ್‌ನಲ್ಲಿ ಅಂತಾರಾಷ್ಟ್ರೀಯ ತೂಕ ಅಳತೆ ಬ್ಯೂರೋ ಇದೆ, 2019ರ ತನಕ ಪ್ರಪಂಚದ ಕಿಲೋಗೆಲ್ಲ ಮೂಲವಾಗಿದ್ದ ಪ್ಲಾಟಿನಂ-ಇರಿಡಿಯಂ ಕಲ್ಲು ಅಲ್ಲೇ ಇರೋದು, ಆ ಬ್ಯೂರೋದ ಫ್ರೆಂಚ್ ಹೆಸರಲ್ಲಿ ನಿನ್ನ ಇದೇ ಪದ ಇದೆ, ಸರ್ವೀಸ್ ಪೂರ್ತಿ ನಾನದನ್ನ 'ಪಾಯಿಡ್ಸ್' ಅಂತ ಓದ್ಕೊಂಡು ಬಂದೆ ಕಣೆ! ಬರೀ 'ಪ್ವಾ' ಅಂತ ಗೊತ್ತಾಗಿದ್ದು ಮೊನ್ನೆ. ಬಟಾಣಿಗೂ ಪ್ವಾ, ತೂಕಕ್ಕೂ ಪ್ವಾ, ಡಾಂಬರಿನಂಥ ರಾಳಕ್ಕೂ ಪ್ವಾ.

ಆಮೇಲೆ ಕೂತು ಡಿಕ್ಷನರಿ ನೋಡ್ದೆ. ಲ್ಯಾಟಿನ್‌ನಲ್ಲಿ 'ಪೆನ್ಸುಮ್' ಅಂದ್ರೆ ತೂಗಿದ್ದು, ಅದರಿಂದ ಬಂದ ಪದ ಇದು, ಹಳೇ ಫ್ರೆಂಚ್‌ನಲ್ಲಿ ಡಿ ಇರ್ಲೇ ಇಲ್ಲ. 16ನೇ ಶತಮಾನದ ಹೊತ್ತಿಗೆ ಪಂಡಿತರು ಇದು 'ಪೊಂಡುಸ್' ಅನ್ನೋ ಇನ್ನೊಂದು ಲ್ಯಾಟಿನ್ ಪದದಿಂದ ಬಂದದ್ದು ಅಂದ್ಕೊಂಡು ಡಿ ತಂದು ಸೇರಿಸಿದ್ರು. ಸಂತೆಯ ತೂಕದ ಕಲ್ಲಿಗೆ ತೂಕ ಕಮ್ಮಿಯಿದ್ರೆ ತಳದ ತೂತಿಗೆ ಸೀಸ ತುಂಬಿ ಮುದ್ರೆ ಒತ್ತುತಿದ್ವಿ, ಇವರು ಸರಿಯಾಗಿದ್ದ ಕಲ್ಲಿಗೇ ಸೀಸ ತುಂಬಿ ಮುದ್ರೆ ಒತ್ತಿಬಿಟ್ಟವ್ರೆ. 1990ರಲ್ಲಿ ಸ್ಪೆಲಿಂಗ್ ಸುಧಾರಣೆ ಅಂತ ಈರುಳ್ಳಿ ಪದದಿಂದ ಒಂದು ಐ ಬಿಡಬಹುದು ಅಂದ್ರು, ಇದನ್ನ ಮಾತ್ರ ಮುಟ್ಟಲಿಲ್ಲ. ಇಂಗ್ಲಿಷಿನ ಹಳೇ ತೂಕದ ಹೆಸರು 'ಅವರ್ಡುಪಾಯ್ಸ್', ಹದಿನಾರು ಔನ್ಸಿಗೆ ಒಂದು ಪೌಂಡು ಅನ್ನೋ ಲೆಕ್ಕ, ಅದು ಡಿ ಸೇರೋಕೆ ಮುಂಚೇನೇ ಫ್ರೆಂಚಿಂದ ಹೋದದ್ದು, ಅದರಲ್ಲಿ ಇವತ್ತಿಗೂ ನೀನು ಬರೆದ ಸ್ಪೆಲಿಂಗೇ ಇದೆ.

ಹಂಗಂತ ಡಿ ಬಿಡು ಅಂತಲ್ಲ ಮತ್ತೆ, ಕೆಲಸದ ಜಾಗ, ಬರಿ. ತೂಕಕ್ಕೆ ಸಂಬಂಧಿಸಿದ್ದು ಅನ್ನೋಕೆ 'ಪೊಂಡೆರಾಲ್' ಅಂತ ಒಂದು ಪದ ಇದ್ಯಂತೆ, ಅದರಲ್ಲಿ ಡಿ ಬಾಯಲ್ಲೇ ಕೇಳುತ್ತೆ, ಅದನ್ನ ನೆನಪಿಟ್ಕೊಂಡ್ರೆ ಆಗಬಹುದೇನೋ. ಫ್ರೆಂಚ್ ಬರದ ನಾನು ಹೇಳೋದು ನಗೆಪಾಟಲೇ.

ಆದ್ರೆ ಪೆನ್ ಹಿಡಿಯಲ್ಲ ಅನ್ಬೇಡ.

ನಿಮ್ಮಮ್ಮ ಹೇಳಿರಲ್ಲ ಇದನ್ನ. ನಾನು ಮೈಸೂರಲ್ಲಿ ಹಾಸ್ಟೆಲ್‌ನಲ್ಲಿದ್ದಾಗ ಅವಳು ಎಂಟನೇ ಕ್ಲಾಸು, ಮೊದಲ್ನೇ ಸಲ ತಾನೇ ಕಾಗದ ಬರೆದಿದ್ಲು. 'ಪ್ರೀತಿಯ ಹಣ್ಣನಿಗೆ, ಅಬ್ಬಕ್ಕೆ ಬಾ' ಅಂತ. ನಮ್ ಕಡೆ ಬಾಯಲ್ಲಿ ಹ ಎಲ್ಲಿ ನಿಲ್ಲುತ್ತೆ, ಬರೆಯುವಾಗ ಎಲ್ಲಿ ಹ ಎಲ್ಲಿ ಅ ಅಂತ ಪಾಪ ಹೆದರಿಕೊಂಡೇ ಹಾಕಿರ್ತಾಳೆ. ನಾನು ರೂಮಿನೋರಿಗೆಲ್ಲ ಗಟ್ಟಿಯಾಗಿ ಓದಿ ನಗಿಸ್ದೆ. ಅಷ್ಟಕ್ಕೇ ಬಿಡದೆ ಕೆಂಪು ಇಂಕಲ್ಲಿ ಗೆರೆ ಎಳೆದು, ನಾನು ಯಾವ ಹಣ್ಣು, ಬಾಳೆಹಣ್ಣಾ ಅಂತ ಬರೆದು ಅದೇ ಕಾಗದ ವಾಪಸ್ ಕಳಿಸ್ದೆ. ದೊಡ್ಡ ಮೇಷ್ಟ್ರು ನಾನು.

ಆಮೇಲೆ ಊರಿಂದ ಬಂದದ್ದೆಲ್ಲ ನಮ್ಮಪ್ಪನ ಅಕ್ಷರ. ಅವಳು ಕೇಳಿದ್ದಾಳೆ, ಅವಳು ಹೇಳಿದ್ದಾಳೆ, ಅಷ್ಟೇ. ಮದುವೆ ಆಗಿ ಹೋದ್ಮೇಲೂ ಒಂದು ಕಾಗದ ಇಲ್ಲ. ಕೇಳ್ಬೇಕು ಅನ್ಕೋತಿದ್ದೆ, ಅಷ್ಟರಲ್ಲಿ ಫೋನ್ ಬಂತು, ತಪ್ಪಿಸ್ಕೊಂಡೆ.

ಅದಕ್ಕೇ ನಿನ್ ಸಾಲು ಓದಿ ಕೈ ನಡುಗ್ತು ನಂಗೆ. ನಕ್ಕೋರು ಸಂಜೆಗೆ ಮರೆತಿರ್ತಾರೆ, ನಾನೂ ಮರೆತಿದ್ದೆ.

ಒಂದು ಪಾಕೆಟ್ ನೋಟ್‌ಬುಕ್ ಇಟ್ಕೋ, ಸ್ವೆಟರ್ ಹಾಕ್ಕೋ, ಅಂತೂ ಏನಾದ್ರೂ ಮಾಡು. ಆ ಡಬ್ಬದ ಚೀಟಿ ಎಸೆದಿಲ್ಲಾಂದ್ರೆ ನಂಗೆ ಕಳಿಸ್ಕೊಡು. ನಿಮ್ಮಮ್ಮನ ಅಕ್ಷರ ಇರೋದು ಒಂದೂ ನನ್ನ ಹತ್ರ ಉಳಿದಿಲ್ಲ.

ನಿನ್ನ ಮಾವ