ಫೌಂಡ್ರಿ ಬಿಟ್ಟು ಎಂಬಿಎ ಕ್ಲಾಸಿಗೆ: ಗೆಳೆಯನಿಗೊಂದು ಪತ್ರ

ಬೆಳಗಾವಿ

ದೋಸ್ತ,

"ಇಷ್ಟು ವರ್ಷ ಪ್ಲಾಂಟ್ ನಡೆಸಿದವನಿಗೆ ಎಂಬಿಎ ಯಾಕೋ? ಅಲ್ಲಿ ಕಲಿಸುವವರೇ ನಿನ್ನ ಹತ್ರ ಕಲೀಬೇಕು" ಅಂತ ಬರೆದಿದ್ದೀಯ. ಓದಿ ಖುಷಿಯಾಯ್ತು. ಆದರೆ ನಿನ್ನ ಮಾತು ಅರ್ಧ ಮಾತ್ರ ಸರಿ.

ಕಬ್ಬಿಣ ಎಷ್ಟು ಕಾಯಬೇಕು, ಮರಳಿನಲ್ಲಿ ಹಸಿ ಜಾಸ್ತಿಯಾದರೆ ಎರಕದಲ್ಲಿ ಗುಳ್ಳೆ ಹೇಗೆ ಏಳುತ್ತವೆ, ಇದನ್ನೆಲ್ಲ ಇಲ್ಲಿನ ಕಾರ್ಖಾನೆಗಳ ಪ್ರದೇಶ ಉದ್ಯಮಬಾಗ ಕಲಿಸಿತ್ತು. ರೊಕ್ಕದ ಲೆಕ್ಕ ಮಾತ್ರ ಕಲಿಸಿರಲಿಲ್ಲ. ಪುಸ್ತಕದಲ್ಲಿ ಲಾಭ ಇರುತ್ತಿತ್ತು, ಪಗಾರದ ದಿನ ಬ್ಯಾಂಕಿನಲ್ಲಿ ಇರುತ್ತಿರಲಿಲ್ಲ. ಮಾಲಕರು ಅಕೌಂಟೆಂಟನ್ನು ಬೈಯುತ್ತಿದ್ದರು. ಅವನು ನನ್ನ ಮುಖ ನೋಡುತ್ತಿದ್ದ.

ಇಲ್ಲಿ ಕ್ಲಾಸಿನಲ್ಲಿ ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನದಿನದ ವ್ಯವಹಾರ ನಡೆಸಲು ಬೇಕಾದ ರೊಕ್ಕದ ಪಾಠ ಬಂದಾಗ ಈ ಗಂಟು ಬಿಚ್ಚಿತು. ನೀನೇ ಲೆಕ್ಕ ಹಾಕು. ದಿನಕ್ಕೆ 3 ಲಕ್ಷ ಖರ್ಚಿರುವ ಒಂದು ಫೌಂಡ್ರಿ. ಕಚ್ಚಾ ಮಾಲು ಬಂದು, ಎರಕವಾಗಿ, ಲಾರಿ ಹತ್ತೋಕೆ 30 ದಿನ. ಗಿರಾಕಿ ಬಿಲ್ಲಿನ ರೊಕ್ಕ ಕೊಡೋಕೆ 90 ದಿನ. ಸ್ಕ್ರ್ಯಾಪ್ ವ್ಯಾಪಾರಿ ನಮಗೆ ಕೊಡುವ ಉದ್ರಿ ಬರೀ 15 ದಿನ. ಅಂದರೆ 105 ದಿನದ ಖರ್ಚು ಹೊರಗೆ ಸಿಕ್ಕಿಕೊಂಡಿದೆ. ಮೂರು ಕೋಟಿ ಮೀರಿತು! ಶೇ 10ರ ಬಡ್ಡಿ ಹಿಡಿದರೂ ವರ್ಷಕ್ಕೆ 31 ಲಕ್ಷಕ್ಕಿಂತ ಜಾಸ್ತಿ. ಶೆಡ್ಡಿನಲ್ಲಿ ಹತ್ತು ದಿನ ಕಡಿಮೆ ಮಾಡಿದರೆ 30 ಲಕ್ಷ ಕೈಗೆ ಬರುತ್ತದೆ. ರಿಜೆಕ್ಷನ್, ಅಂದರೆ ಕೆಟ್ಟು ವಾಪಸಾಗುವ ಎರಕ, ಕಡಿಮೆ ಮಾಡಲು ನಾವು ಪಟ್ಟ ಪಾಡಿನ ಕಾಲು ಭಾಗವನ್ನೂ ಇದಕ್ಕೆ ಪಟ್ಟಿರಲಿಲ್ಲ.

ಅವತ್ತೇ ಒಂದು ವಾದವೂ ಆಯ್ತು. ಗೋಕಾಕದ ಹುಡುಗಿಯೊಬ್ಬಳು, ನನ್ನ ಮಗಳ ವಯಸ್ಸು, ಎದ್ದು ನಿಂತಳು. "ಸರ್, 2006ರ ಸಣ್ಣ ಉದ್ಯಮಗಳ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಕಾರ್ಖಾನೆಗೆ 45 ದಿನದೊಳಗೆ ರೊಕ್ಕ ಕೊಡಬೇಕಲ್ವಾ? ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೇಳಬಹುದು."

"ಕೇಳಬಹುದವ್ವಾ. ಮರುದಿನ ಆರ್ಡರು ಕೊಲ್ಹಾಪುರದ ಫೌಂಡ್ರಿಗೆ ಹೋಗುತ್ತದೆ" ಅಂದೆ. ಕ್ಲಾಸು ನಕ್ಕಿತು. ಅವಳು ಬಿಡಲಿಲ್ಲ. ಟ್ರೆಡ್ಸ್ ಅಂತ ಸಣ್ಣ ಉದ್ಯಮಗಳ ಬಿಲ್ಲಿಗೆ ಆನ್‌ಲೈನ್ ವ್ಯವಸ್ಥೆ ಇದೆ, ಅದರಲ್ಲಿ ಬಿಲ್ಲು ಹಾಕಿದರೆ ಬ್ಯಾಂಕು ಸ್ವಲ್ಪ ಬಡ್ಡಿ ಮುರಿದುಕೊಂಡು ಮೊದಲೇ ರೊಕ್ಕ ಕೊಡುತ್ತದೆ, ಆಮೇಲೆ ಗಿರಾಕಿಯಿಂದ ವಸೂಲಿ ಮಾಡಿಕೊಳ್ಳುತ್ತದೆ ಅಂದಳು. ಅದಕ್ಕೆ ಗಿರಾಕಿ ಬಿಲ್ಲು ಒಪ್ಪಬೇಕಲ್ಲ ಅಂದೆ.

"ಒಪ್ತೀರಾ ಅಂತ ಗಿರಾಕಿಯನ್ನ ನೀವು ಯಾವತ್ತಾದ್ರೂ ಕೇಳಿದ್ದೀರಾ ಸರ್?"

ಫೌಂಡ್ರಿಯಲ್ಲಿ ನನ್ನನ್ನು ಹೀಗೆ ಕೇಳುವವರು ಯಾರಿದ್ದರು ಹೇಳು? ನಾನು ಹೂಂ ಅಂದರೆ ಎಲ್ಲರೂ ಹೂಂ. ಈ ಪ್ರಶ್ನೆಗೇ ಫೀ ಕಟ್ಟಿದೆ ಅಂತ ಅಂದುಕೊಂಡಿದ್ದೇನೆ.

ಉಳಿದದ್ದು ಎಲ್ಲವೂ ಚಂದ ಅಂತಲ್ಲ. ಮನಶ್ಶಾಸ್ತ್ರಜ್ಞ ಮ್ಯಾಸ್ಲೊ 1943ರಲ್ಲಿ ಬರೆದ ಮನುಷ್ಯನ ಅಗತ್ಯಗಳ ಮೆಟ್ಟಿಲು, ಮೊದಲು ಅನ್ನ, ಆಮೇಲೆ ಭದ್ರತೆ, ಮರ್ಯಾದೆ ಅನ್ನುವುದು, ಪರೀಕ್ಷೆಗೆ ಸರಿ. ಬೋನಸ್ ಮಾತುಕತೆಗೆ ಯೂನಿಯನ್ ಮುಂದೆ ಕೂತವನಿಗೆ ಅದು ಹೊಸದೇನೂ ಹೇಳುವುದಿಲ್ಲ. ಇನ್ನು ಪರೀಕ್ಷೆಯಲ್ಲಿ ಮೂರು ತಾಸು ಕೈಯಲ್ಲಿ ಬರೆಯುವುದು! ಬರೀ ಸಹಿ ಹಾಕಿ ರೂಢಿಯಾದ ಬೆರಳು ಮಾರಾಮಾರಿಗೇ ಬರುತ್ತವೆ.

ನೀನು ಬರಬೇಕಾ ಅಂತ ಕೇಳಿದ್ದೀಯಲ್ಲ. ಪ್ರಮೋಷನ್‌ಗಾಗಿ ಆದರೆ ನೌಕರಿ ಬಿಡಬೇಡ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಿಂದ ಮನೆಯಲ್ಲೇ ಕೂತು ಓದು, ಸಾಕು. ಬೆಂಗಳೂರಿನ ಐಐಎಂನಲ್ಲಿ ನೌಕರಿ ಮಾಡುವವರಿಗೆ ವಾರದ ಕೊನೆಗೆ ಕ್ಲಾಸಿವೆ, ಆದರೆ ಬಾಗಲಕೋಟೆಯಿಂದ ವಾರವಾರ ಓಡಾಡೋಕೆ ನಿನ್ನ ಬೆನ್ನು ಒಪ್ಪಬೇಕು. ಕ್ಲಾಸಿನಲ್ಲೇ ಕೂರಬೇಕೆಂದರೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಬಾ. ಬರುವಾಗ ನಿನ್ನದೊಂದು ಬಿಡಿಸಲಾಗದ ಲೆಕ್ಕ ಕೈಯಲ್ಲಿರಲಿ.

ಸಕ್ಕರೆ ಕಾರ್ಖಾನೆಯಲ್ಲಿರುವ ನಿನಗೆ ಲೆಕ್ಕದ ಬರ ಎಲ್ಲಿದೆ? ಕಬ್ಬಿನ ಬಿಲ್ಲು ಕಾಯ್ದೆ ಪ್ರಕಾರ 14 ದಿನದಲ್ಲಿ ರೈತರಿಗೆ ಕೊಡಬೇಕು, ಸಕ್ಕರೆಯನ್ನು ವರ್ಷವಿಡೀ ಮಾರಬೇಕು. ನನ್ನ 105 ದಿನ ನಿನ್ನ ಮುಂದೆ ಏನೂ ಅಲ್ಲ. ಹಂಗಾಮು ಮುಗಿದ ಮೇಲೆ ನಿಮ್ಮ ಕಾರ್ಖಾನೆಯ ದಾಸ್ತಾನು, ಸಾಲದ ಲೆಕ್ಕ ತಗೊಂಡು ಎರಡು ದಿನ ಬಾ. ಆ ಹುಡುಗಿಯ ಮುಂದೆಯೂ ಇಡೋಣ.

ನಿನ್ನ,
ಹಳೇ ದೋಸ್ತ