ಭಾನುವಾರದ ಮಾತುಕತೆ: ನರ್ತಕಿ, ಲೇಖಕಿ ಎಲ್ಲಾ ಇಲ್ಬಾಕ್ (Ella Ilbak)

ಆತ್ಮೀಯ ಸದಸ್ಯರೇ,

ಈ ಭಾನುವಾರ ಸಂಜೆ ಎಸ್ಟೋನಿಯಾದ ಎಲ್ಲಾ ಇಲ್ಬಾಕ್ (1895–1997) ಅವರ ಕುರಿತು ಮಾತನಾಡೋಣ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಲಿತ ಇವರು ಬ್ಯಾಲೆಯ ಕಟ್ಟುಪಾಡು ಬಿಟ್ಟು, ಸಂಗೀತಕ್ಕೆ ಮೈಮನ ಒಪ್ಪಿಸುವ ಏಕವ್ಯಕ್ತಿ ನೃತ್ಯವನ್ನು ಆರಿಸಿಕೊಂಡರು. 1918ರಲ್ಲಷ್ಟೇ ಸ್ವಾತಂತ್ರ್ಯ ಘೋಷಿಸಿಕೊಂಡ ಪುಟ್ಟ ದೇಶದ ಹೆಣ್ಣುಮಗಳೊಬ್ಬಳು ಯುರೋಪಿನ ದೊಡ್ಡ ನಗರಗಳ ರಂಗದ ಮೇಲೆ ಒಬ್ಬಳೇ ನಿಂತದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

1944ರಲ್ಲಿ ಸೋವಿಯತ್ ಸೇನೆ ಎಸ್ಟೋನಿಯಾಕ್ಕೆ ಮರಳಿ ಬಂದಾಗ ಸಾವಿರಾರು ಜನರಂತೆ ಇವರೂ ಸ್ವೀಡನ್ನಿಗೆ ಹೋದರು. ಮುಂದೆ ಅಮೆರಿಕದಲ್ಲಿ ನೆಲೆಸಿದರು. ಬರವಣಿಗೆ ಗಟ್ಟಿಯಾದದ್ದು ಈ ವಲಸೆಯ ಬದುಕಿನಲ್ಲೇ. 1953ರಲ್ಲಿ ಆತ್ಮಕಥನ ಪ್ರಕಟವಾಯಿತು. ನರ್ತಕಿಯೇ ತನ್ನ ಕಲೆಯ ಬಗ್ಗೆ ಬರೆದಿಡುವುದು ಅಪರೂಪ. ನೃತ್ಯ ಕಲಿಯುತ್ತಿರುವವರು ದಯವಿಟ್ಟು ತಪ್ಪದೇ ಬನ್ನಿ, ನಿಮ್ಮ ಪ್ರಶ್ನೆಗಳನ್ನು ಶನಿವಾರದೊಳಗೆ ಇಲ್ಲಿಯೇ ಬರೆಯಿರಿ.